ನಮ್ಮವರ ತಲೆ ಮತ್ತು ದೀಪಸ್ತಂಭದ ದೋಣಿ

ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ನಮ್ಮವರ ಚೀಲವನ್ನು ಮಂಚದ ಮೇಲೆ ಬೋರಲು ಹಾಕಿ ತಪಾಸಣೆ ಮಾಡಿದೆ. ಅಂಗಿಗಳ ನಡುವೆ ಎರಡು ಬಾಚಣಿಗೆ, ಒಂದು ರೇಜರು, ಕತ್ತು ಒರೆಸುವ ಬ್ರಷ್ಷು ಸಿಕ್ಕವು. ಎಲ್ಲವನ್ನೂ ಬೀರುವಿಗೆ ಸೇರಿಸಿ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಪರ್ಸಿನಲ್ಲಿಟ್ಟುಕೊಂಡೆ. ನಮ್ಮವರು ಸಲೂನ್ ಇಟ್ಟವರು. ಮದುವೆಯಾದಾಗಿನಿಂದ ನಾನು ಅವರ ಬೆನ್ನು ನೋಡಿದಷ್ಟು ಮುಖ ನೋಡಿಲ್ಲ. ಮುಖವೇನಿದ್ದರೂ ಗಿರಾಕಿಗಳ ಕಡೆಗೆ.

"ಮೂರು ದಿನ ನೀವು ಯಾರ ತಲೇನೂ ಮುಟ್ಟೋ ಹಾಗಿಲ್ಲ," ಅಂದೆ.

"ನನ್ನ ತಲೆ ಮುಟ್ಕೋಬಹುದಾ?" ಎಂದು ಕೇಳಿದರು. ಮನುಷ್ಯನಿಗೆ ಇಂಥ ಮಾತಿಗೇನೂ ಬರವಿಲ್ಲ.

ಅವರ ತಲೆಯಾದರೂ ಮುಟ್ಟುವ ಸ್ಥಿತಿಯಲ್ಲಿರಲಿಲ್ಲ. ಅವರಿಗೆ ಕಟಿಂಗ್ ಮಾಡುವುದು ನನ್ನ ಮೈದುನ ಒಬ್ಬನೇ. ಅವನು ಸ್ಕೂಟರಿನಿಂದ ಬಿದ್ದು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ. ಬೇರೆಯವರ ಕೈಗೆ ತಲೆ ಕೊಡಲು ಇವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಾಗಾಗಿ ಊರಿಗೆಲ್ಲ ಕ್ರಾಪು ಮಾಡುವವರ ತಲೆ ಕಾಗೆ ಗೂಡಾಗಿತ್ತು.

ನಾನು ಹೊರಟಿದ್ದು ಒಂದು ದೋಣಿಗಾಗಿ. ನಾವು ಹೋಗಲಿದ್ದ ಬಂದರು ಪಟ್ಟಣದಿಂದ ಸಮುದ್ರದ ನಡುವಿನ ದೀಪಸ್ತಂಭಕ್ಕೆ ಜನರನ್ನು ಕರೆದುಕೊಂಡು ಹೋಗಿ ಸೂರ್ಯ ಮುಳುಗುವುದನ್ನು ತೋರಿಸುತ್ತಾರಂತೆ. ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಮುಂದಿನ ವರ್ಷ" ಅಂದಿದ್ದರು. ಆ ಮುಂದಿನ ವರ್ಷ ಬರುವಷ್ಟರಲ್ಲಿ ನಮ್ಮ ಮಗಳ ಮದುವೆಯೇ ಆಗಿಹೋಯಿತು.

ಪಟ್ಟಣವೋ, ಕಾಲಿಡಲು ಜಾಗವಿಲ್ಲ. ಲಾಡ್ಜಿನ ಮೆಟ್ಟಿಲಿಳಿದರೆ ಸಾಕು, ಜನರೇ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. ಒಂದು ಬೀದಿ ತುಂಬಾ ಹಗ್ಗದ ಅಂಗಡಿಗಳು, ಇನ್ನೊಂದರ ತುಂಬಾ ಮೀನಿನ ಬುಟ್ಟಿಗಳು. ಮಂಜುಗಡ್ಡೆಯ ಗಾಡಿಯವನು "ದಾರಿ, ದಾರಿ" ಎಂದು ಕೂಗುತ್ತಾ ಎಲ್ಲರ ಕಾಲಿಗೂ ತಣ್ಣೀರು ಸುರಿಸಿಕೊಂಡು ಹೋದ. ಓಣಿಯ ಕೊನೆಯಲ್ಲಿ ಮನೆಗಳ ಮೇಲೆ ಇನ್ನೊಂದು ಮನೆ ಎದ್ದು ನಿಂತಂತೆ ಹಡಗು ಕಾಣಿಸಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ನೋಡಿದ್ರಾ?" ಅಂದೆ.

"ನೋಡ್ದೆ. ಕಿವಿ ಹಿಂದೆ ಹಾಗೇ ಬಿಟ್ಬಿಟ್ಟಿದ್ದಾನೆ," ಅಂದರು. ನಮ್ಮವರು ನೋಡುತ್ತಿದ್ದದ್ದು ಮುಂದೆ ನಿಂತಿದ್ದ ಹಮಾಲನ ಕುತ್ತಿಗೆಯನ್ನು. "ಈ ಉಪ್ಪುಗಾಳೀಲಿ ಕೂದಲು ಒರಟಾಗುತ್ತೆ ಕಣೆ. ನೀರು ಹಾಕ್ದೆ ಕತ್ತರಿಸಬಾರದು." ತೋಳು ಚಿವುಟಿ ಮುಂದಕ್ಕೆ ಎಳೆದುಕೊಂಡು ಹೋದೆ.

ಮೊದಲ ಎರಡು ದಿನ ಅಲೆ ಜೋರಾಗಿದೆಯೆಂದು ದೋಣಿ ಬಿಡಲೇ ಇಲ್ಲ. ಮೂರನೆಯ ದಿನ ಸಮುದ್ರ ತಣ್ಣಗಾಯಿತು. ಮರುದಿನ ಬೆಳಿಗ್ಗೆಯೇ ನಮ್ಮ ರೈಲು. ಅಂದರೆ ಆ ಸಂಜೆ ಬಿಟ್ಟರೆ ಮತ್ತೆ ಇಲ್ಲ. ಟಿಕೆಟ್ ತೆಗೆದುಕೊಂಡು, ದಡದಲ್ಲಿದ್ದ ಫೋಟೋದವನ ಹತ್ತಿರ ದೋಣಿಯಲ್ಲೇ ಒಂದು ಜೋಡಿ ಫೋಟೋ ತೆಗೆಯಬೇಕೆಂದು ಹೇಳಿಟ್ಟೆ. ಹೇಳಿದ ಮೇಲೆ ನಮ್ಮವರ ತಲೆಯ ಕಡೆ ನೋಡಿದೆ. ಇನ್ನೂ ಹೊತ್ತಿತ್ತು. ನಾನೇ ಅವರನ್ನು ಎದುರಿನ ಸಲೂನಿಗೆ ನೂಕಿದೆ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದದ್ದು ಹೀಗೆ.

ಇಕ್ಕಟ್ಟಾದ ಅಂಗಡಿ, ಒಂದೇ ಕುರ್ಚಿ. ಅಂಗಡಿಯವನು ತಲೆಗೆ ಹಡಗಿನವರ ಟೋಪಿ ಇಟ್ಟುಕೊಂಡಿದ್ದ. ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುವ ಕ್ಯಾಪ್ಟನ್ ಅಂತೆ, ಅವನೇ ಹೇಳಿದ. ಬೆಂಚಿನ ಮೇಲೆ ಒರಟು ಗಡ್ಡದ ಒಬ್ಬರು ಪೇಪರ್ ಓದುತ್ತಾ ಸರದಿಗೆ ಕಾಯುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕುಳಿತೆ.

ಕ್ಯಾಪ್ಟನ್ ಕತ್ತರಿ ಆಡಿಸಿದ್ದೇ ತಡ, ನಮ್ಮವರ ಬಾಯಿಯೂ ಶುರುವಾಯಿತು.

"ಸ್ವಲ್ಪ ನೀರು ಚಿಮುಕಿಸ್ಬೇಕಿತ್ತು."

ಚಿಮುಕಿಸಿದ.

"ಬಾಚಣಿಗೆ ಕೆಳಗಿಂದ ಮೇಲಕ್ಕೆ ಬರ್ಲಿ."

ಬಂತು.

"ಕತ್ತರಿ ಇನ್ನೊಂಚೂರು ಓರೆ ಹಿಡೀರಿ. ನಾನಾಗಿದ್ರೆ..."

ಕ್ಯಾಪ್ಟನ್ ಕತ್ತರಿಯನ್ನು ಕನ್ನಡಿಯ ಮುಂದೆ ಇಟ್ಟ. "ತಾವು ಏನು ಕೆಲಸ ಮಾಡೋದು?"

"ಇದೇ."

"ಅಂದ್ಕೊಂಡೆ," ಎಂದವನು ಸ್ಟೂಲಿನ ಮೇಲೆ ಕುಳಿತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡ. "ಬಾಯಿ ಮುಚ್ಕೊಂಡು ಕೂತ್ರೆ ಮುಗಿಸ್ತೀನಿ. ಇಲ್ಲಾಂದ್ರೆ ಇಲ್ಲ."

"ನನ್ನ ತಲೆ ಬಗ್ಗೆ ನಾನು ಮಾತಾಡ್ದೆ ಇನ್ಯಾರು ಮಾತಾಡ್ಬೇಕು?"

ಅಷ್ಟು ಹೊತ್ತಿಗೆ ಬಲಭಾಗ ಮಾತ್ರ ಆಗಿತ್ತು. ಒಂದು ಕಡೆಯಿಂದ ನೋಡಿದರೆ ಮದುಮಗ, ಇನ್ನೊಂದು ಕಡೆಯಿಂದ ಜೈಲಿನಿಂದ ಓಡಿಬಂದವರು. ತಲೆಗೊಂದು ಟವೆಲ್ ಸುತ್ತಿಕೊಳ್ಳಿ, ಹೋಗೋಣ ಅಂದೆ. ಕ್ಯಾಪ್ಟನ್ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಅರ್ಧ ತಲೆ ನನ್ನ ಅಂಗಡಿಯಿಂದ ಆಚೆ ಹೋಗಲ್ಲ ತಾಯಿ. ಬೀದೀಲಿ ಹೋಗೋರು ನನ್ನ ಬೋರ್ಡೂ ನೋಡ್ತಾರೆ, ಇವರ ತಲೇನೂ ನೋಡ್ತಾರೆ."

ಇಬ್ಬರೂ ಪಟ್ಟು ಹಿಡಿದರು. ಹೊರಗೆ ಬಿಸಿಲು ಹಳದಿಯಾಗುತ್ತಿತ್ತು. "ದೋಣಿ ಹೊರಟುಹೋಗುತ್ತೆ ರೀ," ಅಂದೆ.

ಬೆಂಚಿನವರು ಪೇಪರ್ ಮಡಿಸಿದರು. "ದೀಪಸ್ತಂಭದ ದೋಣೀನಾ? ಅದನ್ನ ಓಡ್ಸೋನು ನಾನೇ."

ನನಗೆ ಹೋದ ಜೀವ ಬಂದಂತಾಯಿತು. ಅದು ಒಂದೇ ಗಳಿಗೆ.

"ಆದ್ರೆ ಶೇವ್ ಆಗ್ದೆ ನಾನು ಇಲ್ಲಿಂದ ಏಳಲ್ಲ ಅಮ್ಮ. ನನ್ನ ಮಗಳನ್ನ ಕೇಳಿರೋರು ಇವತ್ತು ದೋಣಿಗೆ ಬರ್ತಿದ್ದಾರೆ, ಮನೆ ಮಂದಿಯೆಲ್ಲ. ಈ ಮುಖ ತೋರಿಸ್ಲಾ? ತಡ ಆದ್ರೆ ದೋಣಿ ಬಿಡೋ ಹಾಗೂ ಇಲ್ಲ, ಕತ್ತಲಲ್ಲಿ ದೀಪಸ್ತಂಭದ ಬಂಡೆ ಹತ್ರ ಹೋಗಕ್ಕಾಗಲ್ಲ."

ಕುರ್ಚಿ ಬಿಡದೆ ಶೇವ್ ಇಲ್ಲ, ಕಟಿಂಗ್ ಮುಗಿಯದೆ ಕುರ್ಚಿ ಇಲ್ಲ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಮೂರು ದಿನ ಗಂಡ ನನಗೆ ಬೇಕಿತ್ತು, ಅಷ್ಟೇ ನಾನು ಕೇಳಿದ್ದು.

"ಚೀಲದಲ್ಲಿದ್ದಿದ್ದನ್ನ ಬೀರೂಲಿಟ್ಟು ಬೀಗ ಹಾಕ್ದೆ," ಅಂದೆ. "ನೀವು ಅಂಗಡೀನ ತಲೇಲೇ ಹೊತ್ಕೊಂಡು ಬಂದಿದ್ದೀರಿ. ಅದಕ್ಕೆಲ್ಲಿಂದ ಬೀಗ ತರ್ಲಿ?"

ನಮ್ಮವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಅಂಗಿಯ ಒಳಜೇಬಿಗೆ ಕೈ ಹಾಕಿ ಬಟ್ಟೆಯ ಸುರುಳಿಯೊಂದನ್ನು ತೆಗೆದರು. ಒಳಗೆ ಅವರ ಕತ್ತರಿ. ಅಷ್ಟೆಲ್ಲ ಹುಡುಕಿದವಳು ಅದನ್ನೇ ಮರೆತಿದ್ದೆ. ವಾರವಾರ ಅದಕ್ಕೆ ಎಣ್ಣೆ ಹಾಕುವವಳು ನಾನು. ಆದರೆ ಅದರಲ್ಲಿ ಒಂದು ದಾರ ಕತ್ತರಿಸಲೂ ಬಿಟ್ಟವರಲ್ಲ. ಸ್ವಂತ ತಮ್ಮನಿಗೂ ಕೊಟ್ಟಿಲ್ಲ. ನನಗೆ ಮತ್ತೆ ಸಿಟ್ಟು ಏರುವಷ್ಟರಲ್ಲಿ ಅವರು ಅದನ್ನು ನನ್ನ ಕಡೆಗೆ ಚಾಚಿದರು.

"ತಗೋ. ನೀನು ಮುಗ್ಸು."

"ನಂಗೆಲ್ಲಿ ಬರುತ್ತೆ?"

"ಇಷ್ಟು ವರ್ಷ ನೋಡಿದ್ದೀಯಲ್ಲ."

"ನೋಡಿದ್ದು ನಿಮ್ಮ ಬೆನ್ನು."

ದೋಣಿಯವರು ನಕ್ಕುಬಿಟ್ಟರು. ನಮ್ಮವರು ಮಾತ್ರ ನಗದೆ ಕುರ್ಚಿಯಿಂದಿಳಿದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ತಲೆ ಬಗ್ಗಿಸಿದರು. ಕ್ಯಾಪ್ಟನ್ ಒಂದು ಕ್ಷಣ ಯೋಚಿಸಿ, "ಆಯ್ತು. ಇನ್ಮೇಲೆ ಆ ತಲೆಗೂ ನನ್ನ ಬೋರ್ಡಿಗೂ ಸಂಬಂಧ ಇಲ್ಲ," ಎಂದು ದೋಣಿಯವರ ಕೆನ್ನೆಗೆ ನೊರೆ ಹಚ್ಚತೊಡಗಿದ.

ನೀರು ಚಿಮುಕಿಸಿ ಮೊದಲ ಸಲ ಕತ್ತರಿ ಆಡಿಸಿದೆ. ಕಿವಿಯ ಮೇಲೆ ಒಂದು ಮೆಟ್ಟಿಲು ಎದ್ದಿತು. ಅದನ್ನು ಸರಿಮಾಡಲು ಹೋದರೆ ಅದರ ಕೆಳಗೆ ಇನ್ನೊಂದು. ನಮ್ಮವರು ಕಣ್ಣು ಮುಚ್ಚಿಕೊಂಡು ತುಟಿ ಪಿಟಕ್ಕೆನ್ನದೆ ಕುಳಿತಿದ್ದರು. ಕ್ಯಾಪ್ಟನ್ ಒಮ್ಮೆ ಇತ್ತ ತಿರುಗಿದ. ಅವನಿಗೆ ತಡೆಯಲಾಗಲಿಲ್ಲ.

"ತಾಯಿ, ಕತ್ತರಿ ಸ್ವಲ್ಪ ಓರೆ..."

ನಮ್ಮವರು ಕಣ್ಣು ಬಿಡದೆಯೇ ಕೈ ಎತ್ತಿದರು. "ಅವಳ ಕೆಲಸದಲ್ಲಿ ಮೂಗು ತೂರಿಸ್ಬೇಡಿ."

ದೋಣಿಯವರು ನುಣ್ಣಗಿನ ಕೆನ್ನೆ ಸವರಿಕೊಂಡು ಓಡಿದರು, ಹಿಂದೆ ನಾವು. ಬೀಗರಾಗುವವರು ಆಗಲೇ ಕುಳಿತಾಗಿತ್ತು. ದೋಣಿ ಹಡಗುಗಳ ಸಂದಿಯಿಂದ ನುಸುಳಿ ಹೊರಬಂದಾಗ ಬೀದಿಯ ಗದ್ದಲವೆಲ್ಲ ಹಿಂದೆ ಉಳಿಯಿತು. ದೋಣಿಯ ತುಂಬಾ ತಲೆಗಳಿದ್ದವು. ನಮ್ಮವರು ಒಂದನ್ನೂ ನೋಡಲಿಲ್ಲ. ನಾನು ಬೊಟ್ಟು ಮಾಡಿದ ಕಡೆಗೆಲ್ಲ ನೋಡಿದರು. ದೀಪಸ್ತಂಭದ ಹಿಂದೆ ಸೂರ್ಯ ಇಳಿಯುವಾಗ, "ಇದನ್ನ ಮೊದ್ಲೇ ತೋರಿಸ್ಬೇಕಿತ್ತು ನಿಂಗೆ," ಅಂದರು. ನನಗೆ ಆಗಿನಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಫೋಟೋದಲ್ಲಿ ಎಡಗಡೆಯ ಮೆಟ್ಟಿಲುಗಳು ಸ್ಪಷ್ಟವಾಗಿ ಬಂದಿವೆ. ಊರಿಗೆ ಬಂದ ಮೇಲೆ ಗಿರಾಕಿಗಳೆಲ್ಲ ನಕ್ಕರು. ಮೈದುನ ಪ್ಲಾಸ್ಟರ್ ತೆಗೆಸಿಕೊಂಡು ಬಂದವನೇ ಬಾಚಣಿಗೆ ಎತ್ತಿಕೊಂಡ.

"ಯಾವನಣ್ಣಾ ಹೀಗೆ ಮಾಡ್ದೋನು? ಕೂತ್ಕೋ, ಸರಿ ಮಾಡ್ತೀನಿ."

"ಮುಟ್ಬೇಡ," ಅಂದರಂತೆ.

ಕೂದಲು ತಾನಾಗಿ ಬೆಳೆದು ಮೆಟ್ಟಿಲುಗಳು ಮುಚ್ಚಿಹೋದವು. ಮೊನ್ನೆ ಅಂಗಡಿಗೆ ರಜೆ. ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ನಮ್ಮವರು ಸ್ಟೂಲು ತಂದು ಹಾಕಿ, ಹೆಗಲಿಗೆ ಟವೆಲ್ ಹೊದ್ದು, ನನಗೆ ಬೆನ್ನು ಮಾಡಿ ಕುಳಿತರು. ಭುಜದ ಮೇಲಿಂದ ಕತ್ತರಿಯನ್ನು ಹಿಂದಕ್ಕೆ ಚಾಚಿದರು.

"ಈ ಸಲ ಬಲಗಡೇನೂ ನೀನೇ ಮಾಡು," ಎಂದರು.