ಹರಕೆಯ ಕೋಳಿಗೊಂದು ಜೊತೆ

ಅಂಜಿನವ್ವ ಎಸೆದ ಊದುಗೊಳವೆ ಹುಂಜಕ್ಕೆ ತಗಲಲಿಲ್ಲ. ಪಕ್ಕದ ಮನೆಯ ಕಮಲಕ್ಕನ ತಾಮ್ರದ ಕೊಡಕ್ಕೆ ಬಡಿದು ಠಣ್ಣೆಂದಿತು. ಹುಂಜ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಗೋಡೆಗೆ ಒರಗಿದ್ದ ಕುಂಟುಕೋಳಿಯ ನೆತ್ತಿಯನ್ನು ಕುಕ್ಕಿತು. ಅದರ ಹಿಂದೆ ವಠಾರದ ನಾಲ್ಕು ಕೋಳಿಗಳು ಸರದಿಗೆ ನಿಂತವರಂತೆ ನಿಂತಿದ್ದವು. ಅಂಜಿನವ್ವ ಅವನ್ನು ಕಾಲಲ್ಲೇ ಚದುರಿಸಿ ಕುಂಟಿಯನ್ನು ಎತ್ತಿಕೊಂಡಳು. ಸೆರಗಿಗೆ ರಕ್ತ ಹತ್ತಿತು.

ಕೊಡ ತಗ್ಗು ಬಿದ್ದಿದೆಯೇ ಎಂದು ತಿರುಗಿಸಿ ನೋಡುತ್ತ ಕಮಲಕ್ಕ, ಅದನ್ನು ಕೊಯ್ದು ಸಾರು ಮಾಡಬಾರದೇ ಎಂದಳು. ಅಂದಮೇಲೆ ನೆನಪಾಗಿ ಗಲ್ಲ ಗಲ್ಲ ಬಡಿದುಕೊಂಡಳು.

ಅದು ಉಚ್ಚೆಂಗೆಮ್ಮನ ಕೋಳಿ. ಅಂಜಿನವ್ವನ ಗಂಡ ರೇವಣ್ಣನ ಕೆಲಸ ಮಿಲ್ಲಿನಲ್ಲಿ ಕಾಯಂ ಆದರೆ ಒಂದು ಕೋಳಿ ಒಪ್ಪಿಸುತ್ತೇನೆಂದು ಅವನ ತಾಯಿ ಕಾಟಮ್ಮ ಹರಕೆ ಹೊತ್ತಿದ್ದಳು. ಕೆಲಸ ಕಾಯಂ ಆಯಿತು. ದೇವರ ಕೋಳಿ ಕಳುವಾದೀತೆಂದು ಮುದುಕಿ ಅದರ ಕಾಲಿಗೆ ಮಿಲ್ಲಿನ ಹತ್ತಿಹುರಿ ಬಿಗಿದು ಬಚ್ಚಲ ಕಲ್ಲಿಗೆ ಕಟ್ಟಿದಳು. ಹುರಿ ನೀರು ಕುಡಿದು ಇನ್ನಷ್ಟು ಬಿಗಿಯಿತು. ಬಿಚ್ಚೋಣವೆಂದು ಅಂಜಿನವ್ವ ಎರಡು ಸಲ ಹೇಳಿದಳು. ದೇವರ ಕಟ್ಟು ಬಿಚ್ಚುವುದಕ್ಕೆ ನೀನ್ಯಾರು ಎಂದು ಅತ್ತೆ ಎರಡು ಸಲವೂ ಗದರಿದಳು. ಹತ್ತು ದಿನಕ್ಕೆ ಪಾದ ಕರ್ರಗಾಯಿತು. ಇಪ್ಪತ್ತು ದಿನಕ್ಕೆ ಒಣಕಡ್ಡಿಯಂತೆ ಕಳಚಿ ಬಿತ್ತು. ಊನವಾದದ್ದು ದೇವಿಗೆ ಸಲ್ಲದು ಎಂದ ಪೂಜಾರಿ. ದೇವಿಯ ಹೆಸರು ಹೊತ್ತದ್ದು ಮನೆಯ ಗಡಿಗೆಗೂ ಸಲ್ಲದು. ಹೀಗಾಗಿ ಅದನ್ನು ಕೊಲ್ಲಲು ಯಾರಿಗೂ ಧೈರ್ಯವಿರಲಿಲ್ಲ, ಸಾಕಲು ಯಾರಿಗೂ ಮನಸ್ಸಿರಲಿಲ್ಲ.

ಹೊರಗೆ ಬಿಟ್ಟರೆ ಹಿಂಡು ಕುಕ್ಕುತ್ತಿತ್ತು. ಬುಟ್ಟಿಯಡಿ ಒಂಟಿಯಾಗಿ ಮುಚ್ಚಿದರೆ ಕಾಳು ಮುಟ್ಟುತ್ತಿರಲಿಲ್ಲ. ಮೂರು ದಿನದಿಂದ ಕತ್ತು ಜೋಲು ಬಿಟ್ಟಿತ್ತು. ಜೊತೆಗೊಂದು ಸಾಧು ಕೋಳಿ ಸಿಕ್ಕರೆ ಬದುಕೀತು, ಇಲ್ಲವಾದರೆ ಈ ವಾರ ದಾಟದು ಎಂಬುದು ಅಂಜಿನವ್ವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ಕಾಲು ಉದುರುವುದನ್ನು ಇಪ್ಪತ್ತು ದಿನ ನೋಡುತ್ತ ಕೂತವಳು ತಾನೇ. ಇದನ್ನೂ ನೋಡುತ್ತ ಕೂರಲಾರೆ ಎಂದು ಭಾನುವಾರ ಕೋಳಿಯನ್ನು ಹೊಸ ಬಿದಿರುಬುಟ್ಟಿಗೆ ಹಾಕಿಕೊಂಡು, ಭಾನುವಳ್ಳಿಯ ಅಕ್ಕ ಚೌಡವ್ವನ ಮನೆಗೆ ಹೊರಟಳು.

ಅಕ್ಕನ ಅಂಗಳದ ತುಂಬ ಕೋಳಿ. ಅಕ್ಕ ಬೆಲ್ಲದ ಚಾ ಕೊಟ್ಟಳು, ತಲೆ ಸವರಿದಳು, ಬುಟ್ಟಿಯಲ್ಲಿರುವುದು ಹರಕೆಯದೆಂದು ತಿಳಿದಕೂಡಲೇ ಎರಡು ಮಾರು ದೂರ ಕೂತಳು. ಅದರ ಜೊತೆ ಮೇಯ್ದದ್ದೂ ದೇವಿಯ ಪಾಲಾಗುತ್ತದಂತೆ. ಒಳ್ಳೆಯದೊಂದನ್ನು ಹಾಗೆ ಕಳೆದುಕೊಳ್ಳಲು ಆಕೆ ತಯಾರಿರಲಿಲ್ಲ. ಬೇಕಾದರೆ ಒಂದು ಕುರುಡಿ ಇದೆ, ಒಯ್ಯಿ. ಕುಂಟಿಗೆ ಕುರುಡಿ ಸರಿಜೋಡಿ, ದೇವಿಯೂ ಅದರ ಕಡೆ ನೋಡುವುದಿಲ್ಲ ಎಂದಳು.

ಅಂಜಿನವ್ವನಿಗೆ ಅಂಗಾಲಿನಿಂದ ಸಿಟ್ಟು ಏರಿತು.

“ನಿನ್ನ ಮಗಳದು ಮೆಳ್ಳಗಣ್ಣು ಐತಲ್ಲಕ್ಕ. ಆಕಿಗೂ ಕುರುಡನ್ನೇ ಹುಡುಕ್ತೀಯೇನು?”

ಚೌಡವ್ವ ಎದ್ದು ಬಂದು ತಂಗಿಯ ಕೈಯಲ್ಲಿದ್ದ ಚಾ ಲೋಟ ಕಿತ್ತುಕೊಂಡಳು. ಇನ್ನೂ ಅರ್ಧ ಉಳಿದಿತ್ತು.

ಹರಿಹರದಲ್ಲಿ ದಾವಣಗೆರೆ ಬಸ್ಸಿಗೆ ಕಾಯುವಾಗ, ಕೋಳಿ ಮಾರುವ ಮುದುಕ ಹಯಾತ್ ಸಾಬ್ ಬುಟ್ಟಿ ಕಂಡು ಮಾರಾಟಕ್ಕೋ ಎಂದು ಕೇಳಿದ. ಅಂಜಿನವ್ವ ಜಗಳಕ್ಕೆ ನಿಂತವಳಂತೆ ಎಲ್ಲವನ್ನೂ ಹೇಳಿದಳು. ಹರಕೆಯನ್ನು ಎರಡೆರಡು ಸಲ ಒತ್ತಿ ಹೇಳಿದಳು, ನೀನೂ ದೂರ ಕೂರುವುದಾದರೆ ಈಗಲೇ ಕೂರು ಎಂಬಂತೆ. ಮುದುಕ ಕೋಳಿಯ ಮೊಂಡುಗಾಲನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ನಿಮ್ಮ ಅಮ್ಮನೋರ ಸಿಟ್ಟು ನಮ್ಮ ಪಂಜರದ ತಂಕ ಬರಲ್ಲ ತಂಗಿ,” ಎಂದ.

ಕುಂಟಿಯನ್ನು ನೆಲಕ್ಕಿಟ್ಟು, ಪಂಜರದಿಂದ ಒಂದೊಂದೇ ಕೋಳಿ ತೆಗೆದು ಪಕ್ಕದಲ್ಲಿ ಬಿಟ್ಟ. ಮೊದಲನೆಯದು ಬಿಟ್ಟೊಡನೆ ಕುಕ್ಕಿತು. ಎರಡನೆಯದು ಸುತ್ತು ಹಾಕಿ ಬಂದು ಕುಕ್ಕಿತು. ಐದನೆಯದು, ಚುಕ್ಕೆಚುಕ್ಕೆಯದು, ಕುಂಟಿಯ ಕಡೆ ಒಮ್ಮೆ ಕತ್ತು ಓರೆ ಮಾಡಿ ನೋಡಿತು, ಮಣ್ಣು ಕೆದರಿತು, ಮೈಗೆ ಮೈ ತಾಗಿಸಿ ಕೂತುಬಿಟ್ಟಿತು. ಸಂಸಾರ ಆಯಿತು ನೋಡು ಎಂದು ನಕ್ಕ ಸಾಬ್, ಚುಕ್ಕಿಯನ್ನು ಕೊಟ್ಟು, ಬದಲಿಗೆ ಆಕೆಯ ಬಿದಿರುಬುಟ್ಟಿ ಇಟ್ಟುಕೊಂಡ. ಎರಡನ್ನೂ ಮಡಿಲಲ್ಲಿ ಅವುಚಿಕೊಂಡು ಕೂತವಳನ್ನು ಕಂಡಕ್ಟರ್ ದಾರಿಯುದ್ದಕ್ಕೂ ಬೈದ. ಆಕೆ ಒಂದಕ್ಕೆ ಎರಡು ಸೇರಿಸಿ ತಿರುಗಿ ಬೈದಳು.

ಎರಡನೆಯ ದಿನ ಕುಂಟಿ ಕಾಳು ಮುಟ್ಟಿತು. ಐದನೆಯ ದಿನ ಹುಂಜ ಹತ್ತಿರ ಬಂದಾಗ ಚುಕ್ಕಿ ಕತ್ತಿನ ಗರಿ ನಿಗುರಿಸಿ ಅಡ್ಡ ನಿಂತಿತು. ಹುಂಜ ಬೇರೆ ಕಡೆ ಕೆಲಸವಿದ್ದಂತೆ ಹೊರಟುಹೋಯಿತು. ಅಂಜಿನವ್ವ ಒಬ್ಬಳೇ ನಕ್ಕಳು.

ಒಂಬತ್ತನೆಯ ದಿನ ಆಕೆ ನೀರು ಹೊತ್ತು ಬಂದಾಗ ಕಾಟಮ್ಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಚುಕ್ಕಿಯ ರೆಕ್ಕೆ ಬಿಡಿಸುತ್ತಿದ್ದಳು. ಕೊಕ್ಕು ತೆರೆದು ನೋಡಿದಳು, ಉಗುರು ಎಣಿಸಿದಳು. ಮಿಲ್ಲಿನಿಂದ ಬಂದ ರೇವಣ್ಣ ಹೊಸ್ತಿಲ ಮೇಲೆ ಕೂತು ಬೀಡಿ ಹಚ್ಚಿದ್ದ.

“ಒಂದು ಊನ ಇಲ್ಲ,” ಎಂದಳು ಕಾಟಮ್ಮ. “ಸಂತೇಲಿ ತಂದದ್ದನ್ನ ಅವತ್ತೇ ಒಪ್ಪಿಸಾಕೆ ಬರಲ್ಲ. ಇದು ಒಂಬತ್ತು ದಿನ ನಮ್ಮನಿ ಕಾಳು ತಿಂದೈತೆ, ಇನ್ನ ಮನಿ ಕೋಳೀನೇ. ಮಂಗಳವಾರ ಒಪ್ಪಿಸಿಬಿಡಾಣ.”

ಅಂಜಿನವ್ವ ಕೊಡ ಇಳಿಸಲಿಲ್ಲ. ಹರಕೆ ತೀರದೆ ಕೆಲಸಕ್ಕೆ ಕುತ್ತು ಬಂದರೆ ನೀನು ದುಡಿದು ಹಾಕುತ್ತೀಯಾ ಎಂದು ರೇವಣ್ಣ ಹೊಗೆಯ ಹಿಂದಿನಿಂದ ಕೇಳಿದ. ದೇವಿಯ ಕೋಳಿಯ ಕಾಲು ತೆಗೆದವರು ಯಾರೋ ಅವರನ್ನು ಕೇಳು ಎಂದಳು ಆಕೆ. ಅವನು ಬೀಡಿ ಎಸೆದು ಎದ್ದ. ಮುದುಕಿ ಕೈಯೆತ್ತಿ ಮಗನನ್ನು ತಡೆದಳು. ಆಕೆಯ ದನಿ ಮೆತ್ತಗಾಯಿತು. ಅಷ್ಟು ಮೆತ್ತಗಿನ ದನಿಯನ್ನು ಅಂಜಿನವ್ವ ಆ ಮನೆಗೆ ಬಂದಾಗಿನಿಂದ ಕೇಳಿರಲಿಲ್ಲ.

“ನೋಡವ್ವ, ಹರಕೆ ತೀರಿದ್ರೆ ಕುಂಟಿ ಮ್ಯಾಲೆ ದೇವರ ಹೆಸರಿರಲ್ಲ. ಆಮ್ಯಾಲೆ ಅದು ನಿಂದು. ಸಾಯಾತಂಕ ಸಾಕ್ಕೋ, ಯಾರೂ ಮುಟ್ಟಲ್ಲ, ಉಚ್ಚೆಂಗೆಮ್ಮನಾಣಿ. ಇದೊಂದನ್ನ ಬಿಟ್ಟುಕೊಡು.”

ಅಂಜಿನವ್ವ ಕೊಡ ಕೆಳಗಿಟ್ಟಳು. ಅತ್ತೆಯ ಕೈಯಿಂದ ಚುಕ್ಕಿಯನ್ನು ತೆಗೆದುಕೊಂಡು ಕುಂಟಿಯ ಪಕ್ಕ ಬಿಟ್ಟು, ಎರಡಕ್ಕೂ ಅಡ್ಡವಾಗಿ ನೆಲಕ್ಕೆ ಕೂತಳು.

“ಕೊಡಲ್ಲ ಅತ್ತಿ.”