ಎರಡು ವರ್ಷದ ಪೈಲ್ವಾನ

‘ಸಾರ್ ಒಂದು ವಾರದಿಂದ ಜಿಮ್ ಕಡೆ ತಲೆನೇ ಹಾಕಿಲ್ಲ’ ಅಂತ ಫೋನ್ ಬಂತು. ಆ ಸಾರ್ ನನ್ನ ಮಗ. ಅವನಿಗಿನ್ನೂ ಎರಡು ವರ್ಷ.

ಮಗನನ್ನ ಸೊಂಟದ ಮೇಲೆ ಕೂರಿಸಿಕೊಂಡು ನೆಟ್ಟಗೆ ಜಿಮ್‌ಗೆ ಹೋದೆ. ಕಂಪ್ಯೂಟರಿನಲ್ಲಿ ಹೆಸರು, ಹುಟ್ಟಿದ ತಾರೀಕು ಎಲ್ಲಾ ನನ್ನ ಮಗನದೇ. ಫೋಟೋ ಮಾತ್ರ ನನ್ನ ತಮ್ಮನದು, ಮೀಸೆ ಸಮೇತ.

‘ಹುಟ್ಟಿದ ತಾರೀಕು ನೋಡ್ಲಿಲ್ವಾ?’

‘ನಾವು ತೂಕ ಮಾತ್ರ ನೋಡ್ತೀವಿ ಮೇಡಂ’ ಅಂದ ಟ್ರೇನರ್.

ಮನೆಗೆ ಬಂದು ತಮ್ಮನಿಗೆ ಚಳಿ ಬಿಡಿಸಿದೆ. ‘ಹೊಸಬರಿಗೆ ಮೊದಲ ತಿಂಗಳು ಫ್ರೀ ಅಕ್ಕಾ. ನನ್ನ ಹೆಸರಲ್ಲಿ ಮುಗಿದಿತ್ತು, ಭಾವನ ಹೆಸರಲ್ಲೂ ಮುಗೀತು’ ಅಂದ, ಮುಖದಲ್ಲಿ ನಾಚಿಕೆಯ ಸುಳಿವೇ ಇಲ್ಲ.

‘ಇವತ್ತು ಮಾವ ಜಿಮ್ ಸೇರ್ತಾನೆ. ನಾಳೆ ಯಾವನೋ ಕಳ್ಳ ಇದೇ ಹೆಸರಲ್ಲಿ ಸಾಲ ತಗೋತಾನೆ. ಹಾಲುಹಲ್ಲು ಬೀಳೋ ಮುಂಚೆ ನನ್ನ ಮಗ ಸಾಲಗಾರ ಆಗಬೇಕಾ? ಅವನ ಗುರುತಿನ ಕಾರ್ಡ್ ನಿನಗೆಲ್ಲಿ ಸಿಕ್ತು?’

ತಮ್ಮ ಮೆಲ್ಲಗೆ ಅಮ್ಮನ ಕಡೆ ನೋಡಿದ.

‘ಫ್ಯಾಮಿಲಿ ಗ್ರೂಪಿಗೆ ನಾನೇ ಹಾಕಿದ್ದೆ ಕಣೆ’ ಅಂದಳು ಅಮ್ಮ. ‘ಕಾರ್ಡ್ ಫೋಟೋದಲ್ಲಿ ಎಷ್ಟು ಮುದ್ದಾಗಿ ಬಂದಿದೆ ಕೂಸು.’

ಅವಳ ಕೈಯಿಂದ ಫೋನ್ ಕಿತ್ತುಕೊಂಡು ಗ್ರೂಪಲ್ಲಿದ್ದ ಕಾರ್ಡನ್ನ ಅಳಿಸಿ ಹಾಕಿದೆ. ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯ್ತು.

ಅಮ್ಮ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ.

‘ಅಳಿಸಿದ್ರೆ ಅಳಿಸ್ಕೋ. ನನ್ನ ಡಿಪಿ ಹೇಗೂ ಅದೇ. ಮೊನ್ನೆ ಲಾಟರಿ ಹೊಡೆದಿದೆ ಅಂತ ಫೋನ್ ಮಾಡಿದ್ನಲ್ಲ, ಆ ಹುಡುಗನೂ ಮಗು ತುಂಬಾ ಮುದ್ದಾಗಿದೆ ಅಂದ.’