ಗಡಿಯಾಚೆಯ ತೋಟಾ ಯಂತ್ರ

"ಹೇಳಿ ಮೇಡಂ, ನಿಮಗೆ ಏನು ತೋರಿಸಲಿ?" ಎಂದು ಸ್ವೀಡಿಷ್ ಭಾಷೆಯಲ್ಲಿ ಕೇಳಿದವನು ಓಡ್ಮುಂಡ್.

ಗುನ್ವೋರ್ ತಿರುಗಿ ತನ್ನ ಬೆನ್ನ ಹಿಂದೆ ನೋಡಿದಳು. ಅಲ್ಲಿ ಯಾವ ಮೇಡಮ್ಮೂ ಇರಲಿಲ್ಲ. ಮತ್ತೆ ಕೌಂಟರಿನ ಕಡೆ ನೋಡಿದರೆ ಓಡ್ಮುಂಡನೇ ನಿಂತಿದ್ದ. ಅದೇ ಕೆಂಪು ಗಡ್ಡ, ಅದೇ ಕನ್ನಡಕ. ಮೈಮೇಲೆ ಮಾತ್ರ ಅಂಗಡಿಯ ಹೆಸರಿದ್ದ ಹಸಿರು ಅಂಗಿ, ಎದೆಯ ಮೇಲೊಂದು ಬಿಲ್ಲೆ. ಅವಳಂತೆಯೇ ಅಪ್ಪಟ ನಾರ್ವೆಯವನು. ಊರಿನ ಚರ್ಚಿನ ಎದುರಿಗೆ ಬಂದೂಕು, ಬೇಟೆ ಸಾಮಾನಿನ ಸ್ವಂತ ಅಂಗಡಿ ಇಟ್ಟವನು. ಅವಳ ಬೇಟೆ ತಂಡದ ಮುಖಂಡ ಬೇರೆ. ಅವನು ಇಲ್ಲಿ, ಗಡಿ ದಾಟಿ ಸ್ವೀಡನ್ನಿಗೆ ಬಂದು, ಇನ್ನೊಬ್ಬರ ಅಂಗಡಿಯಲ್ಲಿ ನಿಂತು ತನ್ನನ್ನು ಮೇಡಂ ಎನ್ನುವುದೆಂದರೆ ಏನು?

"ಓಡ್ಮುಂಡ್..." ಎಂದಳು.

ಅವನು ಕಣ್ಣನ್ನು ಮಾತ್ರ ಪಕ್ಕಕ್ಕೆ ಹೊರಳಿಸಿದ. ಪಕ್ಕದ ಕಪಾಟಿನ ಬಳಿ ಅಂಗಡಿಯ ಯಜಮಾನತಿ, ಓಡ್ಮುಂಡನ ಮಗಳಾಗುವ ವಯಸ್ಸಿನವಳು, ಬೆಲೆಚೀಟಿ ಅಂಟಿಸುತ್ತಿದ್ದಳು. ಅವನಿಗೆ ಊರಿನಲ್ಲಿ ಸ್ವಂತ ಅಂಗಡಿಯಿರುವುದು ಆ ಹುಡುಗಿಗೆ ಗೊತ್ತಿಲ್ಲವೆಂದು ಊಹಿಸಿ ಗುನ್ವೋರ್ ಬಾಯಿ ಮುಚ್ಚಿಕೊಂಡಳು. ಆದರೆ ಬಂದ ಕೆಲಸವನ್ನು ಹೇಳದೆ ಹೋಗುವಂತೆಯೂ ಇರಲಿಲ್ಲ.

"ತೋಟಾ ತುಂಬೋ ಯಂತ್ರ ಬೇಕಿತ್ತು. ಮನೇಲಿ ಇಟ್ಕೊಳ್ಳೋಕೆ. ಜೊತೆಗೆ ತಕ್ಕಡಿ, ಅಚ್ಚು."

"ಯಾವ ಬಂದೂಕಿಗೆ?" ಎಂದ ಅವನು. ಆ ಬಂದೂಕನ್ನು ಅವಳ ಅಪ್ಪನಿಗೆ ಮಾರಿದವನು ಇವನ ಅಪ್ಪ. ಎರಡು ಸಲ ಅದರ ಹಿಡಿ ರಿಪೇರಿ ಮಾಡಿದವನು ಇವನೇ. ಆದರೂ ಅವಳು ಅದರ ಅಳತೆ ಹೇಳಬೇಕಾಯಿತು, ಅವನು ಹೊಸದಾಗಿ ಕೇಳಿದವನಂತೆ ತಲೆಯಾಡಿಸಬೇಕಾಯಿತು.

ಅವನು ಡಬ್ಬಿ ತಂದಿಟ್ಟ. ಹಸಿರು ಬಣ್ಣದ, ಉದ್ದ ಹಿಡಿಕೆಯ, ಮೇಜಿಗೆ ಬಿಗಿಯುವ ಯಂತ್ರ. ಥೇಟ್ ಇಂಥದ್ದೇ ಒಂದು ಊರಿನಲ್ಲಿ ಅವನ ಅಂಗಡಿಯ ಗಾಜಿನ ಕಿಟಕಿಯಲ್ಲಿ ವರ್ಷಗಳಿಂದ ದೂಳು ತಿನ್ನುತ್ತ ಕೂತಿದೆ. ಊರಿನ ಅರ್ಧ ಜನ ಆ ಕಿಟಕಿಯ ಗಾಜಿನಲ್ಲಿ ತಲೆ ಬಾಚಿಕೊಂಡು ಚರ್ಚಿಗೆ ಹೋಗುತ್ತಾರೆ.

"ನಮ್ಮೂರಲ್ಲೂ ಇದೇ ಸಿಗುತ್ತೆ," ಎಂದಳು ಗುನ್ವೋರ್, ಸುಮ್ಮನಿರಲಾರದೆ.

"ಹೌದಾ? ಮತ್ತೆ ಅಲ್ಲೇ ಯಾಕೆ ತಗೊಳ್ಳಲಿಲ್ಲ ನೀವು?"

ಅದಕ್ಕೆ ಉತ್ತರ ಅವಳ ನಾಲಿಗೆ ತುದಿಯಲ್ಲೇ ಇತ್ತು. ಕಿಟಕಿಯಿಂದ ಆ ಯಂತ್ರ ಬೆಳಿಗ್ಗೆ ಮಾಯವಾದರೆ ಮಧ್ಯಾಹ್ನದೊಳಗೆ ಇಡೀ ಊರು ಕೇಳುತ್ತದೆ, ಕೊಂಡವರು ಯಾರು ಅಂತ. ಸಂಜೆಯೊಳಗೆ ಯಾಕೆ ಅಂತ. ಅವರ ತಂಡದವರು ಯಾರೂ ಮನೆಯಲ್ಲಿ ತೋಟಾ ತುಂಬುವುದಿಲ್ಲ. ಬೇಟೆಗೆ ಮೊದಲು ಒಂದು ಸಂಜೆ ಓಡ್ಮುಂಡನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ, ಅವನ ಹಳೆಯ ಯಂತ್ರದಲ್ಲಿ ಒಬ್ಬರಾದ ಮೇಲೊಬ್ಬರು ತುಂಬಿಕೊಳ್ಳುತ್ತಾರೆ. ಒಬ್ಬರು ತೋಟಾದ ಸಿಡಿಮದ್ದು ತೂಗಿದರೆ ಉಳಿದವರೆಲ್ಲ ತಕ್ಕಡಿಗೆ ಮೂಗು ತಾಗಿಸಿ ನೋಡುತ್ತಾರೆ. ಬಂದೂಕಿನ ಒದೆ ತಗ್ಗಿಸಲು, ಕಾನೂನು ಒಪ್ಪುವ ಮಿತಿಯೊಳಗೆ ಆದಷ್ಟು ಕಡಿಮೆ ಮದ್ದನ್ನು ಅವಳು ಅಲ್ಲಿ ತೂಗಿದರೆ ಗುಟ್ಟು ರಟ್ಟಾಗಿ ಮುಗಿಯಿತು. ಫೆಬ್ರುವರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲ ಭುಜಕ್ಕೆ ಆಪರೇಷನ್ ಆದದ್ದು ಎಲ್ಲರಿಗೂ ಗೊತ್ತು. ಅದು ವಾಸಿಯಾಗಿದೆ ಎಂದು ಅವಳೇ ಡಂಗುರ ಸಾರಿದ್ದಾಳೆ. ನಿಜವೆಂದರೆ ಬಂದೂಕು ಒಂದು ಸಲ ಒದ್ದರೆ ಅವಳ ಕಣ್ಣಲ್ಲಿ ನೀರು ಬರುತ್ತದೆ. ಹೋದ ವರ್ಷ ತಂಡದ ಇಂಗ್ವಾಲ್ ಮಂಡಿನೋವು ಎಂದು ಬಾಯಿಬಿಟ್ಟ ತಪ್ಪಿಗೆ ಬೇಟೆಯುದ್ದಕ್ಕೂ ಬೆಂಕಿ ಕಾಯುತ್ತ ಕಾಫಿ ಕಾಸಿದ. ಈ ವರ್ಷ ಅವನು ಬರುವುದೇ ಇಲ್ಲ ಎಂದಿದ್ದಾನೆ. ಗುನ್ವೋರ್ ಕಾಫಿ ಕಾಸಲು ತಯಾರಿರಲಿಲ್ಲ. ಕೊಳದಂಚಿನ ಠಾವಿನಲ್ಲಿ ಅವಳ ಅಪ್ಪ ಮೂಸ್ ಎಂಬ ದೊಡ್ಡ ಜಿಂಕೆಗಾಗಿ ಕಾದು ಕೂತದ್ದು, ಅವನ ನಂತರ ಹೆಂಗಸಾದರೂ ಅವಳೇ ಕೂತದ್ದು. ಆ ಠಾವನ್ನು ಅವಳು ಯಾರಿಗೂ ಬಿಟ್ಟುಕೊಡುವವಳಲ್ಲ.

"ಅಲ್ಲಿ ಅಂಗಡಿ ಯಾವಾಗ ನೋಡಿದರೂ ಮುಚ್ಚಿರುತ್ತೆ," ಎಂದಳು. "ಯಜಮಾನನಿಗೆ ಸೊಂಟನೋವಂತೆ. ಮಂಗಳವಾರ, ಗುರುವಾರ ಬಾಗಿಲೇ ತೆಗೆಯಲ್ಲ."

"ಪಾಪ," ಎಂದ ಓಡ್ಮುಂಡ್. ಅವನ ಕಿವಿ ಗಡ್ಡದ ಬಣ್ಣಕ್ಕೆ ತಿರುಗಿತು.

ಅವತ್ತು ಮಂಗಳವಾರವೇ.

"ಮದ್ದೂ ಒಂದು ಡಬ್ಬಿ ಕೊಟ್ಟುಬಿಡಿ," ಎಂದಳು.

"ಅದು ಆಗಲ್ಲ ಮೇಡಂ. ಯಂತ್ರ ಎಷ್ಟು ಬೇಕಾದರೂ ಒಯ್ಯಿರಿ, ಯಾರೂ ಕೇಳಲ್ಲ. ಪರವಾನಗಿ ಇಲ್ಲದೆ ಮದ್ದು ಗಡಿ ದಾಟಿಸೋ ಹಾಗಿಲ್ಲ. ಅದನ್ನ ನಿಮ್ಮೂರಿನ ಅಂಗಡೀಲೇ ತಗೋಬೇಕು." ಸ್ವಲ್ಪ ತಡೆದು, "ಶನಿವಾರ ತೆಗೆದಿರುತ್ತೇನೋ," ಎಂದ.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದ್ದಿಗೆ ಪರವಾನಗಿ ಬೇಕೆಂಬುದೇ ಅವಳಿಗೆ ಹೊಳೆದಿರಲಿಲ್ಲ. ಅಗ್ಗಕ್ಕೆ ಸಿಗುವ ಬೇಕನ್, ಮಿಠಾಯಿ, ತಂಪು ಪಾನೀಯ ಎಂದು ತಿಂಗಳಿಗೊಮ್ಮೆ ಗಡಿ ದಾಟುವ ಅಭ್ಯಾಸದಲ್ಲಿ, ದುಡ್ಡು ಕೊಟ್ಟದ್ದೆಲ್ಲ ಕಾರಿನ ಡಿಕ್ಕಿಯಲ್ಲಿ ಬರುತ್ತದೆ ಎಂದುಕೊಂಡಿದ್ದಳು. ಓಡ್ಮುಂಡನಿಂದ ತಪ್ಪಿಸಿಕೊಳ್ಳಲು ದೇಶ ಬಿಟ್ಟು ಬಂದರೆ, ಓಡ್ಮುಂಡನೇ ಅವಳನ್ನು ಓಡ್ಮುಂಡನ ಹತ್ತಿರ ಕಳಿಸುತ್ತಿದ್ದಾನೆ.

ಯಂತ್ರದ ಡಬ್ಬಿಯನ್ನು ಅವಳು ಎಡಗೈಯಲ್ಲಿ ಅವುಚಿಕೊಂಡು ಹೊರಗೆ ಬಂದಳು. ಕಾರಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಡಬ್ಬಿಯನ್ನು ಕಿತ್ತುಕೊಂಡರು.

"ಕೊಡು ಇಲ್ಲಿ," ಎಂದ ಓಡ್ಮುಂಡ್, ಈಗ ಊರಿನ ಮಾತಿನಲ್ಲೇ. "ಗುನ್ವೋರ್, ನೀನು ನನ್ನ ನೋಡಿಲ್ಲ."

"ನೀನೂ ನನ್ನ ನೋಡಿಲ್ಲ."

"ಹಾಗಾದ್ರೆ ಈ ಯಂತ್ರ ಮಾರಿದ್ದು ಯಾರು?"

"ಯಾರೋ ಒಬ್ಬ ಸ್ವೀಡನ್ನಿನವನು. ಅವನ ಭಾಷೆ ಕೇಳೋಕಾಗ್ತಿರಲಿಲ್ಲ, ಅಷ್ಟು ಕೆಟ್ಟದಾಗಿತ್ತು."

ಅವನು ನಗಲಿಲ್ಲ. ಡಬ್ಬಿಯನ್ನು ಡಿಕ್ಕಿಯಲ್ಲಿ ಇಟ್ಟು, ಅವಳ ಬಲಗೈ ಕಡೆ ಒಂದು ಗಳಿಗೆ ನೋಡಿ, ಡಿಕ್ಕಿ ಮುಚ್ಚಿದ. "ಇಡೀ ಊರು ಇಲ್ಲಿಗೆ ಬಂದು ಕೊಳ್ಳುತ್ತೆ. ನಾನೊಬ್ಬ ಅಲ್ಲಿ ಕೂತು ಏನು ಮಾಡಲಿ ಹೇಳು," ಎಂದು ಒಳಗೆ ಹೋಗಿಬಿಟ್ಟ.

ವಾಪಸು ಬರುವ ದಾರಿಯುದ್ದಕ್ಕೂ ಗುನ್ವೋರ್ ಲೆಕ್ಕ ಹಾಕಿದಳು. ಅವನಿಗೆ ಭುಜದ ವಿಷಯ ಗೊತ್ತಾಯಿತೋ ಇಲ್ಲವೋ? ಗೊತ್ತಾಗಿದ್ದರೆ ಅವಳ ಠಾವು ಹೋದಂತೆಯೇ, ಠಾವು ಹಂಚುವವನು ಅವನೇ. ಆದರೆ ಅವನ ಗುಟ್ಟು ಅವಳ ಹತ್ತಿರ ಇದೆ. ಹಾಗೆಂದು ಅವಳೇನು ಅದನ್ನು ಕತ್ತಿಯಂತೆ ಅವನ ಕುತ್ತಿಗೆಗೆ ಹಿಡಿಯುವವಳಲ್ಲ. ಆದರೆ ಹಿಡಿಯಬಹುದು ಎಂದು ಅವನು ಅಂದುಕೊಂಡರೆ? ಯೋಚಿಸುತ್ತ ಯೋಚಿಸುತ್ತ ಅವಳು ತನ್ನ ಮನೆಯ ತಿರುವನ್ನೇ ದಾಟಿ ಮುಂದೆ ಹೋಗಿದ್ದಳು.

ಶನಿವಾರ ಅವನ ಅಂಗಡಿಗೆ ಹೋದಾಗ ಎಂಬ್ರೆಟ್ ಆಗಲೇ ಕಾಫಿ ಹಿಡಿದು ಕೂತಿದ್ದ. ತಂಡದಲ್ಲಿ ಎಲ್ಲರಿಗಿಂತ ಹಿರಿಯ, ಊರಿನ ಸುದ್ದಿಯೆಲ್ಲ ಅವನ ಕಿವಿಯ ಮೂಲಕವೇ ಹಾದು ಹೋಗಬೇಕು.

"ಮದ್ದು ಒಂದು ಡಬ್ಬಿ," ಎಂದಳು ಗುನ್ವೋರ್, ಆದಷ್ಟು ಸಣ್ಣ ದನಿಯಲ್ಲಿ.

"ಮದ್ದಾ?" ಎಂದ ಎಂಬ್ರೆಟ್. "ಮನೇಲೇ ತುಂಬ್ತೀಯಾ? ಯಂತ್ರ ಎಲ್ಲಿಂದ ಬಂತು? ಕಿಟಕಿಯಲ್ಲಿರೋದು ಅಲ್ಲೇ ಇದೆಯಲ್ಲ!"

ಅವಳು ಪರ್ಸಿನಲ್ಲಿ ದುಡ್ಡು ಹುಡುಕತೊಡಗಿದಳು.

"ಗೊತ್ತಾಯ್ತು ಬಿಡು. ಸ್ವೀಡನ್! ಬೇಕನ್ ಆಯ್ತು, ಈಗ ಇದೂ ಅಲ್ಲಿಂದಲೇ. ನಾಚಿಕೆ ಆಗಬೇಕು ನಿನಗೆ. ಈ ಓಡ್ಮುಂಡ್ ಸೊಂಟ ಹಿಡ್ಕೊಂಡು ನಮಗೋಸ್ಕರ ಅಂಗಡಿ ನಡೆಸ್ತಿದ್ದಾನೆ, ನೀವೆಲ್ಲ ಅವನ ಹೊಟ್ಟೆ ಮೇಲೆ ಹೊಡೀರಿ!"

ಗುನ್ವೋರಳ ಮುಖ ಕೆಂಪಾಯಿತು. ಸಿಟ್ಟು ಉಕ್ಕಿ ಬಂತು. ಬಾಯಿ ತೆರೆದರೆ ಒಂದೇ ಮಾತಿಗೆ ಎಂಬ್ರೆಟ್ ಕೂತ ಕುರ್ಚಿಯಿಂದ ಬೀಳುತ್ತಿದ್ದ. ಓಡ್ಮುಂಡನನ್ನು ನೋಡಿದಳು. ಅವನು ಬೆನ್ನು ತಿರುಗಿಸಿ ಕಪಾಟಿನ ಬೀಗ ತೆಗೆಯುತ್ತಿದ್ದ. ಡಬ್ಬಿ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟ. ಮನೆಗೆ ಹೋಗಿ ಬಿಚ್ಚಿದರೆ, ಅದು ತಂಡದವರೆಲ್ಲ ಒಯ್ಯುವ ಮದ್ದಾಗಿರಲಿಲ್ಲ. ಒದೆ ಕಡಿಮೆಯಿರುವ, ಮೆತ್ತಗಿನ ಬೇರೆ ಮದ್ದು. ಅವಳು ಅದನ್ನು ಕೇಳಿಯೇ ಇರಲಿಲ್ಲ.

ಅಂದರೆ ಅವನಿಗೆ ಗೊತ್ತು. ಇದು ಉಪಕಾರವೋ, ಬಾಯಿ ಮುಚ್ಚಿಸಲು ಕೊಟ್ಟ ಲಂಚವೋ? ಎರಡೂ ಇರಬಹುದೇ? ನೆಲಮಾಳಿಗೆಯ ಮೇಜಿಗೆ ಯಂತ್ರ ಬಿಗಿದು, ಎಡಗೈಯಲ್ಲಿ ಹಿಡಿಕೆ ಎಳೆಯುತ್ತ ಅವಳು ಒಂದೊಂದಾಗಿ ತೋಟಾ ತುಂಬಿದಳು. ಬೇಟೆಗಾರರೆಲ್ಲ ಪಾಸಾಗಲೇಬೇಕಾದ ಗುರಿಪರೀಕ್ಷೆಯಲ್ಲಿ ಮುಂದಿನ ವಾರ ಪಾಸಾದಳು. ಭುಜ ನೊಂದಿತು, ಆದರೆ ಕಣ್ಣಲ್ಲಿ ನೀರು ಬರಲಿಲ್ಲ. ಹಾಗಾದರೆ ಈಗ ಸುಳ್ಳು ಎಲ್ಲಿದೆ, ತಾನು ಯಾಕೆ ಕಳ್ಳಿಯಂತೆ ಓಡಾಡುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಳು.

ಠಾವು ಹಂಚುವ ದಿನ ತಂಡವೆಲ್ಲ ಓಡ್ಮುಂಡನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿತು. ಮೇಜಿನ ಮೇಲೆ ಕಾಫಿಯ ಹೂಜಿ, ಬೆಣ್ಣೆ ಹಚ್ಚಿದ ದೋಸೆಯಂಥ ಮೆತ್ತನೆಯ ಲೆಫ್ಸೆ. ಓಡ್ಮುಂಡ್ ಎದ್ದು ನಿಂತು ಗಡ್ಡ ಕೆರೆದುಕೊಂಡ.

"ಠಾವು ಹೇಳೋಕೆ ಮುಂಚೆ ಒಂದು ಮಾತು. ನನ್ನ ಸೊಂಟಕ್ಕೆ ಏನೂ ಆಗಿಲ್ಲ. ವಾರಕ್ಕೆ ಎರಡು ದಿನ ನಾನು ಗಡಿಯಾಚೆ ಆ ದೊಡ್ಡ ಅಂಗಡೀಲಿ ಕೂಲಿ ಮಾಡ್ತಿದ್ದೀನಿ. ಕ್ರಿಸ್ಮಸ್ ಆದ ಮೇಲೆ ಇಲ್ಲಿ ಬಾಗಿಲು ಹಾಕ್ತೀನಿ."

ಎಂಬ್ರೆಟ್ ಕೈಯಲ್ಲಿದ್ದ ಲೆಫ್ಸೆಯನ್ನು ತಟ್ಟೆಗೆ ಹಿಂದಕ್ಕಿಟ್ಟ. "ಅಂದ್ರೆ... ಸ್ವೀಡಿಷ್ ಮಾತಾಡ್ತೀಯಾ ಅಲ್ಲಿ?" ಎಂದ.

"ಮಾತಾಡ್ತೀನಿ."

"ಥೂ," ಎಂದ ಎಂಬ್ರೆಟ್. ಒಬ್ಬಿಬ್ಬರು ನಕ್ಕರು, ನಕ್ಕದ್ದು ತಪ್ಪಾಯಿತೇನೋ ಎಂದು ನಿಲ್ಲಿಸಿದರು.

ಇವನು ಯಾಕೆ ಹೇಳಿಬಿಟ್ಟ? ತನ್ನ ಗುಟ್ಟನ್ನು ಅವಳ ಕೈಯಿಂದ ಕಿತ್ತುಕೊಂಡನೋ, ಅವಳ ಕೈಯನ್ನು ಖಾಲಿ ಮಾಡಿ ಉಪಕಾರ ಮಾಡಿದನೋ? ಇನ್ನು ಅವಳಿಗೆ ಹೆದರಬೇಕಾದ್ದು ಅವನಿಗೇನೂ ಇಲ್ಲ. ಬೇಕಾದರೆ ಅವಳನ್ನು ಬೆಂಕಿ ಕಾಯಲು ಹಾಕಬಹುದು. ಅವನು ಅವಳ ಕಡೆ ನೋಡುತ್ತಲೂ ಇರಲಿಲ್ಲ.

"ಸರಿ, ಈಗ ಪದ್ಧತಿ ಮುಗಿಸೋಣ," ಎಂದ ಓಡ್ಮುಂಡ್. "ಎಲ್ಲರೂ ಗಟ್ಟಿಯಾಗಿದ್ದೀರಾ?"

ಠಾವು ಹೇಳುವ ಮುಂಚೆ ಮುಖಂಡ ಪ್ರತಿವರ್ಷ ಇದನ್ನು ಕೇಳಲೇಬೇಕು. ಕಣ್ಣು, ಕೈಕಾಲು ಗಟ್ಟಿಯಿರುವವರು ಬಲಗೈ ಎತ್ತುತ್ತಾರೆ. ಎತ್ತದವರನ್ನು ಗುನ್ವೋರ್ ಕಂಡಿರಲಿಲ್ಲ. ಇಂಗ್ವಾಲ್ ಕೂಡ ಕೈ ಎತ್ತಿದ ಮೇಲೆಯೇ, ಕಾಡಿನಲ್ಲಿ, ಮಂಡಿ ಹಿಡಿದುಕೊಂಡು ಬಾಯಿಬಿಟ್ಟಿದ್ದ.

ಕೈಗಳು ಮೇಲೆ ಹೋದವು. ಗುನ್ವೋರ್ ಬಲಗೈ ಎತ್ತಿದಳು. ಅದು ಭುಜದ ಮಟ್ಟಕ್ಕೆ ಬಂದು, ಅಲ್ಲಿಂದ ಮೇಲೆ ಬರಲೊಲ್ಲೆ ಎಂದಿತು. ಒಂದು ಕ್ಷಣ ಹಾಗೇ ಹಿಡಿದಳು. ಕೂದಲು ಸರಿಮಾಡಿಕೊಳ್ಳುವ ನೆಪದಲ್ಲಿ ಸಾಗಹಾಕಬಹುದಿತ್ತು. ಗುಂಪಿನಲ್ಲಿ ಯಾರೂ ಗಮನಿಸುತ್ತಿರಲಿಲ್ಲ. ಓಡ್ಮುಂಡ್ ಈಗ ಅವಳನ್ನು ನೋಡುತ್ತಿದ್ದ. ಆ ನೋಟದಲ್ಲಿ ಏನಿತ್ತೆಂದು ಅವಳಿಗೆ ಅರ್ಥವಾಗಲಿಲ್ಲ.

ಅವಳು ಬಲಗೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಎಡಗೈ ಎತ್ತಿದಳು, ಪೂರ್ತಿ, ಮೊಳಕೈ ಕಿವಿಗೆ ತಾಗುವ ಹಾಗೆ.

"ಅದು ಎಡಗೈ ಕಣೇ," ಎಂದರು ಯಾರೋ.

"ಗೊತ್ತು," ಎಂದಳು ಗುನ್ವೋರ್. "ಇದು ಮಾತ್ರ ಗಟ್ಟಿ ಇದೆ."

ಹೂಜಿಯ ಮುಚ್ಚಳ ತಿರುಗಿಸುತ್ತಿದ್ದವರು ಅದನ್ನು ಅಷ್ಟಕ್ಕೇ ಬಿಟ್ಟರು. ಅವಳ ಎದುರಿಗೆ ಕೂತಿದ್ದ ಎಂಬ್ರೆಟ್ ಅವಳ ಎಡಗೈಯನ್ನೇ ನೋಡುತ್ತಿದ್ದ. ತಲೆಯನ್ನು ಪೂರ್ತಿ ಓರೆ ಮಾಡಿ, ಒಂದೇ ಕಣ್ಣಿನಿಂದ ನೋಡುತ್ತಿದ್ದ. ಇನ್ನೊಂದು ಕಣ್ಣಿಗೆ ಪೊರೆ ಬಂದಿರುವುದನ್ನು ಅವಳು ಈಗ ಗಮನಿಸಿದಳು. ನೋಡುತ್ತಲೇ, ಎಲ್ಲರಿಗಿಂತ ಎತ್ತರಕ್ಕೆ ಹೋಗಿದ್ದ ಅವನ ಬಲಗೈ ಮೆಲ್ಲಗೆ ಕೆಳಗೆ ಬರತೊಡಗಿತು.